ಜಲಜನಕವನ್ನು ಉಸಿರಾಡುವ ಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜಲಜನಕ ಅನಿಲವನ್ನು ಉಸಿರಾಡಿದರೆ ಪಾರ್ಶ್ವವಾಯುವಿನಿಂದ ಹಿಡಿದು ಕ್ಯಾನ್ಸರಿನವರೆಗೆ ಹಲವು ಕಾಯಿಲೆಗಳಿಗೆ ಉಪಶಮನ ದೊರೆಯುತ್ತದೆ ಎಂಬ ಮಾತನ್ನು ಕೇಳಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಈ ವಿಷಯದಲ್ಲಿ ಎರಡು ಬಗೆಯ ತಪ್ಪುಗಳು ನಡೆಯುತ್ತಿವೆ. ಇದೆಲ್ಲ ಬರಿಯ ವ್ಯಾಪಾರದ ಮಾತೆಂದು ಓದದೆಯೇ ತಳ್ಳಿಹಾಕುವುದು ಮೊದಲನೆಯದು. ತೀವ್ರ ನಿಗಾ ಘಟಕದಲ್ಲಿ ವೈದ್ಯರ ಕಣ್ಣೆದುರು ನಡೆದ ಪ್ರಯೋಗದ ಫಲಿತಾಂಶವನ್ನು ಮಲಗುವ ಕೋಣೆಯಲ್ಲಿ ಇಟ್ಟುಕೊಳ್ಳುವ ಯಂತ್ರಕ್ಕೆ ಅನ್ವಯಿಸುವುದು ಎರಡನೆಯದು. ಎರಡನೆಯ ತಪ್ಪಿನಿಂದ ಜೀವಕ್ಕೇ ಕುತ್ತು ಬರಬಹುದಾದ್ದರಿಂದ ಈ ಬರಹದಲ್ಲಿ ಅದರ ಮೇಲೆಯೇ ಹೆಚ್ಚು ಒತ್ತು ಬಿದ್ದಿದೆ.

ಜಲಜನಕ ಉಸಿರಾಟ ಚಿಕಿತ್ಸೆ ಎಂದರೇನು?

ಗಾಳಿಯೊಡನೆ ಅಥವಾ ಆಮ್ಲಜನಕದೊಡನೆ ಬೆರೆಸಿದ ಜಲಜನಕ ಅನಿಲವನ್ನು ಮೂಗಿನ ನಳಿಕೆ, ಮುಖಗವಸು ಅಥವಾ ಕೃತಕ ಉಸಿರಾಟದ ಯಂತ್ರದ ಮೂಲಕ ನಿಗದಿತ ಸಮಯದವರೆಗೆ ಉಸಿರಾಡಿಸುವುದಕ್ಕೆ ಈ ಹೆಸರಿದೆ. ಬಳಕೆಯಲ್ಲಿರುವ ಮಿಶ್ರಣಗಳು ಮುಖ್ಯವಾಗಿ ಎರಡು ಬಗೆಯವು. ಆಸ್ಪತ್ರೆಯ ಸಂಶೋಧನೆಗಳಲ್ಲಿ ಹೆಚ್ಚಾಗಿ ಶೇ. 4ಕ್ಕಿಂತ ಕಡಿಮೆ ಜಲಜನಕವಿರುವ, ಸಿಲಿಂಡರಿನಲ್ಲಿ ಮೊದಲೇ ಸಿದ್ಧಪಡಿಸಿದ ಮಿಶ್ರಣವನ್ನು ಬಳಸುತ್ತಾರೆ. ನೀರನ್ನು ವಿದ್ಯುತ್ತಿನಿಂದ ಒಡೆದು ಅನಿಲ ತಯಾರಿಸುವ ಯಂತ್ರಗಳಾದರೋ ಒಂದೋ ಶುದ್ಧ ಜಲಜನಕವನ್ನು ಹೊರಬಿಡುತ್ತವೆ, ಇಲ್ಲವೇ ಎರಡು ಪಾಲು ಜಲಜನಕಕ್ಕೆ ಒಂದು ಪಾಲು ಆಮ್ಲಜನಕ ಸೇರಿದ, ಅಂದರೆ ಸುಮಾರು ಶೇ. 66 ಜಲಜನಕವಿರುವ ಮಿಶ್ರಣವನ್ನು ಹೊರಬಿಡುತ್ತವೆ. ಹೆಸರು ಒಂದೇ ಆದರೂ ಸುರಕ್ಷತೆಯ ದೃಷ್ಟಿಯಿಂದ ಇವು ಬೇರೆ ಬೇರೆ ವಸ್ತುಗಳೆಂದೇ ತಿಳಿಯಬೇಕು.

ಉರಿಯುವ ಅನಿಲವೊಂದು ಔಷಧವಾಗಬಹುದು ಎಂಬ ಯೋಚನೆ ಎಲ್ಲಿಂದ ಬಂತು?

1975ರಲ್ಲಿ ಅಮೆರಿಕದ ಡೋಲ್, ವಿಲ್ಸನ್ ಮತ್ತು ಫೈಫ್ ಎಂಬ ಸಂಶೋಧಕರು ಚರ್ಮದ ಕ್ಯಾನ್ಸರ್ ಇದ್ದ ಇಲಿಗಳನ್ನು 8 ವಾಯುಮಂಡಲದಷ್ಟು ಒತ್ತಡದಲ್ಲಿ, ಶೇ. 97.5 ಜಲಜನಕ ಮತ್ತು ಶೇ. 2.5 ಆಮ್ಲಜನಕದ ಮಿಶ್ರಣದಲ್ಲಿ ಎರಡು ವಾರ ಇರಿಸಿದಾಗ ಗೆಡ್ಡೆಗಳು ಗಮನಾರ್ಹವಾಗಿ ಕುಗ್ಗಿದವೆಂದು ವರದಿ ಮಾಡಿದರು. ಅಷ್ಟು ಒತ್ತಡದಲ್ಲಿ ರೋಗಿಗಳಿಗೆ ಚಿಕಿತ್ಸೆ ಕೊಡುವುದು ವ್ಯವಹಾರಕ್ಕೆ ಒಗ್ಗದ ಮಾತಾದ್ದರಿಂದ ಆ ದಾರಿ ಹೆಚ್ಚು ಮುಂದುವರಿಯಲಿಲ್ಲ.

ಈಗಿನ ಆಸಕ್ತಿಯ ಮೂಲ 2007ರಲ್ಲಿದೆ. ಟೋಕಿಯೋದ ನಿಪ್ಪಾನ್ ವೈದ್ಯಕೀಯ ವಿಶ್ವವಿದ್ಯಾಲಯದ ಶಿಗೆಯೊ ಓಹ್ತಾ ಅವರ ತಂಡ, ಮಿದುಳಿನ ರಕ್ತನಾಳವನ್ನು ಕೆಲಕಾಲ ಮುಚ್ಚಿ ಮತ್ತೆ ತೆರೆದ ಇಲಿಗಳಿಗೆ ಕಡಿಮೆ ಸಾಂದ್ರತೆಯ ಜಲಜನಕವನ್ನು ಉಸಿರಾಡಿಸಿದಾಗ ಮಿದುಳಿನ ಹಾನಿ ಕಡಿಮೆಯಾಯಿತೆಂದು ತೋರಿಸಿತು. ಹೆಚ್ಚಿನ ಒತ್ತಡ ಬೇಕಿಲ್ಲ, ಹೆಚ್ಚಿನ ಸಾಂದ್ರತೆಯೂ ಬೇಕಿಲ್ಲ ಎಂಬುದೇ ಆ ಸಂಶೋಧನೆಯ ನಿಜವಾದ ಹೊಸತನ. ಆ ಮೇಲೆ ಪ್ರಾಣಿಗಳ ಮೇಲೆ ನೂರಾರು ಅಧ್ಯಯನಗಳು ನಡೆದವು. ಮನುಷ್ಯರ ಮೇಲಿನ ಅಧ್ಯಯನಗಳ ಸಂಖ್ಯೆ ಅದಕ್ಕೆ ಹೋಲಿಸಿದರೆ ಬಹಳ ಕಡಿಮೆ, ಮತ್ತು ಅವುಗಳಲ್ಲಿ ಹೆಚ್ಚಿನವು ಚಿಕ್ಕವು.

ದೇಹದೊಳಗೆ ಜಲಜನಕ ಮಾಡುವುದೇನು?

ರಕ್ತ ನಿಂತುಹೋದ ಅಂಗಕ್ಕೆ ಮತ್ತೆ ರಕ್ತ ಹರಿದಾಗ, ಜೀವಕೋಶಗಳಲ್ಲಿ ಹಠಾತ್ತಾಗಿ ತೀವ್ರ ಕ್ರಿಯಾಶೀಲ ಅಣುಗಳು ಹುಟ್ಟಿಕೊಳ್ಳುತ್ತವೆ. ಇವುಗಳಲ್ಲಿ ಕೆಲವು, ಉದಾಹರಣೆಗೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ನೈಟ್ರಿಕ್ ಆಕ್ಸೈಡ್, ಮಿತಿಯಲ್ಲಿದ್ದಾಗ ದೇಹಕ್ಕೆ ಬೇಕಾದ ಸಂದೇಶವಾಹಕಗಳೇ ಆಗಿವೆ. ಹೈಡ್ರಾಕ್ಸಿಲ್ ರಾಡಿಕಲ್ ಮತ್ತು ಪೆರಾಕ್ಸಿನೈಟ್ರೈಟ್ ಎಂಬವು ಮಾತ್ರ ಸಿಕ್ಕಿದ್ದನ್ನೆಲ್ಲ ಸುಡುವಂಥವು. ಓಹ್ತಾ ಅವರ ತಂಡ ಮುಂದಿಟ್ಟ ವಿವರಣೆಯ ಪ್ರಕಾರ ಜಲಜನಕವು ಈ ಎರಡನ್ನು ಆರಿಸಿ ತಣಿಸುತ್ತದೆ, ಉಪಯುಕ್ತವಾದವುಗಳನ್ನು ಮುಟ್ಟುವುದಿಲ್ಲ. ಜಗತ್ತಿನ ಅತಿ ಚಿಕ್ಕ ಅಣುವಾದ್ದರಿಂದ ಅದು ಕೋಶದ ಪೊರೆಗಳನ್ನು ಸಲೀಸಾಗಿ ದಾಟಿ, ರಕ್ತನಾಳ ಮತ್ತು ಮಿದುಳಿನ ನಡುವಿನ ತಡೆಯನ್ನೂ ದಾಟಿ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದವರೆಗೆ ತಲುಪಬಲ್ಲದು.

ವಿವರಣೆ ಸೊಗಸಾಗಿದೆ, ಆದರೆ ರಸಾಯನಶಾಸ್ತ್ರದ ಲೆಕ್ಕ ಅದಕ್ಕೆ ಪೂರ್ತಿ ಒಪ್ಪುವುದಿಲ್ಲ. ನೀರಿನಲ್ಲಿ ಹೈಡ್ರಾಕ್ಸಿಲ್ ರಾಡಿಕಲ್ ಜೊತೆ ಜಲಜನಕವು ವರ್ತಿಸುವ ವೇಗ, ಅದೇ ರಾಡಿಕಲ್ ಜೊತೆ ಸಕ್ಕರೆ, ಪ್ರೋಟೀನು, ಕೊಬ್ಬುಗಳು ವರ್ತಿಸುವ ವೇಗಕ್ಕಿಂತ ಹತ್ತಾರು, ಕೆಲವೊಮ್ಮೆ ನೂರಾರು ಪಟ್ಟು ಕಡಿಮೆ. ಮೇಲಾಗಿ ಜೀವಕೋಶದಲ್ಲಿ ಆ ಅಣುಗಳು ಜಲಜನಕಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಪ್ರಮಾಣದಲ್ಲಿರುತ್ತವೆ. ಅಂದರೆ ಜಲಜನಕ ಓಡಿಬರುವಷ್ಟರಲ್ಲಿ ರಾಡಿಕಲ್ ಬೇರೇನನ್ನೋ ಸುಟ್ಟು ಮುಗಿದಿರುತ್ತದೆ. ಈ ಕಾರಣಕ್ಕಾಗಿಯೇ ಈಚಿನ ವರ್ಷಗಳಲ್ಲಿ ಸಂಶೋಧಕರ ಗಮನ ಬೇರೆಡೆಗೆ ಹೊರಳಿದೆ: ದೇಹದ ಸ್ವಂತ ರಕ್ಷಣಾ ಕಿಣ್ವಗಳನ್ನು ಎಚ್ಚರಿಸುವ ಎನ್‌ಆರ್‌ಎಫ್2 ಎಂಬ ಪ್ರೋಟೀನಿನ ದಾರಿ, ಉರಿಯೂತದ ಸಂಕೇತಗಳನ್ನು ತಗ್ಗಿಸುವ ದಾರಿ, ಹೀಮ್ ಎಂಬ ಕಬ್ಬಿಣವಿರುವ ಅಣುವಿನೊಡನೆ ನೇರ ಸಂಬಂಧ ಮುಂತಾದ ಊಹೆಗಳು ಪರೀಕ್ಷೆಯಲ್ಲಿವೆ. ಯಾವುದೂ ಇನ್ನೂ ಇತ್ಯರ್ಥವಾಗಿಲ್ಲ. ಒಂದು ಔಷಧ ಕೆಲಸ ಮಾಡುತ್ತದೆಂಬುದಕ್ಕೆ ಅದರ ಕಾರ್ಯವಿಧಾನ ಮೊದಲೇ ತಿಳಿದಿರಬೇಕೆಂದೇನಿಲ್ಲ. ಆದರೆ ಕಾರ್ಯವಿಧಾನ ಸಂಪೂರ್ಣ ಬಯಲಾಗಿದೆ ಎಂದು ಹೇಳುವವರ ಮಾತನ್ನು ನಂಬಬೇಕಾಗಿಲ್ಲ.

ನಮ್ಮ ದೇಹದಲ್ಲಿ ಮೊದಲೇ ಜಲಜನಕ ಇದೆಯಂತೆ, ನಿಜವೆ?

ನಿಜ. ದೊಡ್ಡ ಕರುಳಿನ ಬ್ಯಾಕ್ಟೀರಿಯಗಳು ಜೀರ್ಣವಾಗದೆ ಉಳಿದ ನಾರು ಮತ್ತು ಸಕ್ಕರೆಗಳನ್ನು ಹುಳಿಯಿಸುವಾಗ ಜಲಜನಕ ಹುಟ್ಟುತ್ತದೆ. ಅದರ ಒಂದು ಭಾಗವನ್ನು ಇತರ ಸೂಕ್ಷ್ಮಜೀವಿಗಳು ಬಳಸಿಕೊಳ್ಳುತ್ತವೆ, ಒಂದು ಭಾಗ ಅಪಾನವಾಯುವಾಗಿ ಹೋಗುತ್ತದೆ, ಉಳಿದದ್ದು ರಕ್ತಕ್ಕೆ ಸೇರಿ ಶ್ವಾಸಕೋಶದ ಮೂಲಕ ಹೊರಬೀಳುತ್ತದೆ. ಹಾಲಿನ ಸಕ್ಕರೆ ಅರಗದವರನ್ನು ಗುರುತಿಸಲು ಮಾಡುವ ಉಸಿರಿನ ಪರೀಕ್ಷೆ ನಿಂತಿರುವುದೇ ಇದರ ಮೇಲೆ: ಸಕ್ಕರೆ ಕುಡಿದ ಮೇಲೆ ಉಸಿರಿನ ಜಲಜನಕ ದಶಲಕ್ಷದಲ್ಲಿ 20 ಭಾಗದಷ್ಟು ಏರಿದರೆ ಅದು ಅರಗಿಲ್ಲವೆಂದು ತಿಳಿಯುತ್ತಾರೆ. ಶೇ. 2ರ ಮಿಶ್ರಣವೆಂದರೆ ದಶಲಕ್ಷದಲ್ಲಿ 20,000 ಭಾಗ. ಕರುಳಿನ ಜಲಜನಕವೂ ಯಂತ್ರದ ಜಲಜನಕವೂ ಒಂದೇ ವಸ್ತುವಾದರೂ ಪ್ರಮಾಣದಲ್ಲಿ ಇಷ್ಟೊಂದು ಅಂತರವಿರುವುದರಿಂದ, ಒಂದು ಸಹಜವಾದ್ದರಿಂದ ಇನ್ನೊಂದೂ ಒಳ್ಳೆಯದೇ ಎಂಬ ವಾದ ನಿಲ್ಲುವುದಿಲ್ಲ.

ಮನುಷ್ಯರಲ್ಲಿ ಸಿಕ್ಕಿರುವ ಅತಿ ಮುಖ್ಯ ಪುರಾವೆ ಯಾವುದು?

ಹೃದಯ ಸ್ತಂಭನದ ನಂತರದ ಚಿಕಿತ್ಸೆಯದು. ಆಸ್ಪತ್ರೆಯ ಹೊರಗೆ ಹೃದಯ ನಿಂತು, ಮತ್ತೆ ಬಡಿಯತೊಡಗಿದರೂ ಪ್ರಜ್ಞೆ ಮರಳದ ರೋಗಿಗಳಲ್ಲಿ ಮಿದುಳನ್ನು ಉಳಿಸಿಕೊಳ್ಳುವುದೇ ದೊಡ್ಡ ಸವಾಲು. ಜಪಾನಿನ ಕೇಯೋ ವಿಶ್ವವಿದ್ಯಾಲಯದ ತಂಡದ ನೇತೃತ್ವದಲ್ಲಿ ಆ ದೇಶದ 15 ಆಸ್ಪತ್ರೆಗಳು ಸೇರಿ ಇಂಥ ರೋಗಿಗಳ ಮೇಲೆ ಹೈಬ್ರಿಡ್-2 ಎಂಬ ಪ್ರಯೋಗ ನಡೆಸಿದವು. ಆಮ್ಲಜನಕದೊಡನೆ ಶೇ. 2 ಜಲಜನಕ ಬೆರೆಸಿ 18 ಗಂಟೆಗಳ ಕಾಲ ಕೃತಕ ಉಸಿರಾಟದ ಯಂತ್ರದ ಮೂಲಕ ಕೊಡಲಾಯಿತು. ಯಾರಿಗೆ ಜಲಜನಕ ಸಿಗುತ್ತಿದೆ, ಯಾರಿಗಿಲ್ಲ ಎಂಬುದು ವೈದ್ಯರಿಗೂ ರೋಗಿಯ ಮನೆಯವರಿಗೂ ತಿಳಿಯದಂತೆ ಚೀಟಿ ಎತ್ತಿದ ಹಾಗೆ ಗುಂಪು ಮಾಡಲಾಗಿತ್ತು.

2023ರಲ್ಲಿ ಪ್ರಕಟವಾದ ಫಲಿತಾಂಶವನ್ನು ಎಚ್ಚರದಿಂದ ಓದಬೇಕು. 90ನೆಯ ದಿನ ನರವ್ಯೂಹದ ಸ್ಥಿತಿ ಚೆನ್ನಾಗಿದ್ದವರು ಜಲಜನಕದ ಗುಂಪಿನಲ್ಲಿ ಶೇ. 56, ಇನ್ನೊಂದರಲ್ಲಿ ಶೇ. 39. ಇದೇ ಪ್ರಯೋಗದ ಮುಖ್ಯ ಅಳತೆಗೋಲು, ಮತ್ತು ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಪ್ರಕಾರ ಖಚಿತವೆನ್ನುವ ಮಟ್ಟವನ್ನು ಮುಟ್ಟಲಿಲ್ಲ. 90ನೆಯ ದಿನ ಬದುಕಿದ್ದವರು ಮಾತ್ರ ಶೇ. 85 ಮತ್ತು ಶೇ. 61, ಯಾವ ಊನವೂ ಇಲ್ಲದೆ ಚೇತರಿಸಿಕೊಂಡವರು ಶೇ. 46 ಮತ್ತು ಶೇ. 21. ಈ ಎರಡು ವ್ಯತ್ಯಾಸಗಳು ಖಚಿತತೆಯ ಗೆರೆಯನ್ನು ದಾಟಿದವು. ಆದರೆ 360 ರೋಗಿಗಳನ್ನು ಸೇರಿಸಿಕೊಳ್ಳುವ ಯೋಜನೆ ಇದ್ದ ಪ್ರಯೋಗ ಕೋವಿಡ್ ಕಾಲದ ನಿರ್ಬಂಧಗಳಿಂದಾಗಿ 73 ಜನರಿಗೇ ನಿಂತುಹೋಯಿತು. ಚಿಕ್ಕ ಗುಂಪಿನಲ್ಲಿ ನಾಲ್ಕಾರು ರೋಗಿಗಳ ಗತಿ ಬದಲಾದರೂ ಶೇಕಡಾವಾರು ಅಂಕಿಗಳು ತಲೆಕೆಳಗಾಗುತ್ತವೆ.

ಈ ಫಲಿತಾಂಶವನ್ನು ಓದಿದಾಗ ಆಸೆ ಹುಟ್ಟುವುದು ಸಹಜ, ನನಗೂ ಹುಟ್ಟಿದೆ. ಇನ್ನೂ ದೊಡ್ಡ ಪ್ರಯೋಗ ನಡೆದು ಇದೇ ದಿಕ್ಕಿನ ಫಲ ಬಂದರೆ, ಹೃದಯ ಸ್ತಂಭನದ ಚಿಕಿತ್ಸೆಯಲ್ಲಿ ಅದು ದೊಡ್ಡ ಹೆಜ್ಜೆಯಾಗುತ್ತದೆ. ಆದರೆ ಇಲ್ಲಿ ನಡೆದದ್ದು ಒಂದೇ ಒಂದು ಬಾರಿ, ಘಟನೆ ನಡೆದ ಕೆಲವೇ ಗಂಟೆಗಳೊಳಗೆ, ಪ್ರಜ್ಞೆಯಿಲ್ಲದ ರೋಗಿಗೆ ಕೊಟ್ಟ ಚಿಕಿತ್ಸೆ ಎಂಬುದನ್ನು ಮರೆಯಬಾರದು. ದಿನಕ್ಕೊಂದು ಗಂಟೆ ಕುರ್ಚಿಯಲ್ಲಿ ಕುಳಿತು ಜಲಜನಕ ಎಳೆದುಕೊಳ್ಳುವ ಆರೋಗ್ಯವಂತರ ಬಗ್ಗೆ ಈ ಪ್ರಯೋಗ ಒಂದು ಮಾತನ್ನೂ ಹೇಳುವುದಿಲ್ಲ.

ಪಾರ್ಶ್ವವಾಯು ಮತ್ತು ಹೃದಯಾಘಾತದಲ್ಲಿ ಉಪಯೋಗವಿದೆಯೆ?

2017ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ, ಮಿದುಳಿನ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯುವಾದ 50 ಜನರಲ್ಲಿ 25 ಜನರಿಗೆ ಶೇ. 3 ಜಲಜನಕವನ್ನು ದಿನಕ್ಕೆ ಎರಡು ಬಾರಿ, ಒಂದೊಂದು ಗಂಟೆಯಂತೆ, 7 ದಿನ ಕೊಡಲಾಯಿತು. ಆ ಗುಂಪಿನವರ ನರದೌರ್ಬಲ್ಯದ ಅಂಕಗಳು ಮತ್ತು ಮಿದುಳಿನ ಚಿತ್ರಗಳು ಹೋಲಿಕೆಯ ಗುಂಪಿಗಿಂತ ಉತ್ತಮವಾಗಿ ಸುಧಾರಿಸಿದವು. ಹೃದಯಾಘಾತದಲ್ಲಿ, ಮುಚ್ಚಿದ ನಾಳವನ್ನು ತೆರೆಯುವ ಸಮಯದಲ್ಲಿ ಶೇ. 1.3 ಜಲಜನಕ ಕೊಟ್ಟು 20 ರೋಗಿಗಳ ಮೇಲೆ ಪ್ರಾಥಮಿಕ ಪ್ರಯೋಗ ನಡೆದಿದೆ. ಹೀಗೆ ಕೊಡುವುದು ಸಾಧ್ಯ ಮತ್ತು ತೊಂದರೆ ಕಾಣಲಿಲ್ಲ ಎಂಬುದನ್ನು ತೋರಿಸಲು ಅದು ಸಾಕು, ಹೃದಯ ಉಳಿಯುತ್ತದೆ ಎಂದು ಸಾಧಿಸಲು ಸಾಲದು.

ಇಲ್ಲಿ ಒಂದು ಎಚ್ಚರಿಕೆ. ಮುಖ ಸೊಟ್ಟಗಾದಾಗ, ಕೈ ಸೋತಾಗ, ಮಾತು ತೊದಲಿದಾಗ ಅಥವಾ ಎದೆ ಹಿಂಡಿದಾಗ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಅಥವಾ ತೆಗೆಯುವ ಚಿಕಿತ್ಸೆಗೆ ಸಮಯದ ಗಡಿ ಇರುತ್ತದೆ. ಮನೆಯಲ್ಲಿ ಜಲಜನಕದ ಯಂತ್ರವಿದೆಯೆಂದು ಅದರ ಮುಂದೆ ಕಳೆದ ಅರ್ಧ ಗಂಟೆ ಮರಳಿ ಬರುವುದಿಲ್ಲ.

ಶ್ವಾಸಕೋಶದ ಕಾಯಿಲೆಗಳಿಗೆ?

ಚೀನಾದಲ್ಲಿ ಇದರ ಬಳಕೆ ಹೆಚ್ಚು. ದೀರ್ಘಕಾಲದ ಶ್ವಾಸಕೋಶದ ಅಡಚಣೆ, ಅಂದರೆ ಸಿಒಪಿಡಿ, ಹಠಾತ್ತಾಗಿ ಉಲ್ಬಣಿಸಿದ 108 ರೋಗಿಗಳ ಮೇಲೆ ಅಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಜಲಜನಕ–ಆಮ್ಲಜನಕ ಮಿಶ್ರಣ ಪಡೆದವರ ಏದುಸಿರು, ಕೆಮ್ಮು ಮತ್ತು ಕಫದ ಅಂಕಗಳು ಬರಿಯ ಆಮ್ಲಜನಕ ಪಡೆದವರಿಗಿಂತ ಹೆಚ್ಚು ಇಳಿದವು. ಶ್ವಾಸಕೋಶದ ಸಾಮರ್ಥ್ಯದ ಪರೀಕ್ಷೆಯಲ್ಲಾಗಲಿ ರಕ್ತದ ಅನಿಲಗಳ ಪರೀಕ್ಷೆಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಹಗುರವಾದ ಅನಿಲ ಕಿರಿದಾದ ಶ್ವಾಸನಾಳಗಳಲ್ಲಿ ಹೆಚ್ಚು ಸರಾಗವಾಗಿ ಹರಿಯುತ್ತದೆ ಎಂಬ ಸರಳ ಭೌತಿಕ ಕಾರಣದಿಂದಲೂ ಉಸಿರು ಹಗುರಾದಂತೆ ಅನ್ನಿಸಬಹುದು. ಹೀಲಿಯಂ ಮಿಶ್ರಣದಿಂದ ಇದೇ ಬಗೆಯ ಉಪಶಮನ ದೊರೆಯುವುದು ವೈದ್ಯರಿಗೆ ಬಹುಕಾಲದಿಂದ ಗೊತ್ತು.

2020ರ ಆರಂಭದಲ್ಲಿ, ಕೋವಿಡ್ ರೋಗಿಗಳಿಗೆ ಅನುಕೂಲವಿದ್ದಲ್ಲಿ ಈ ಮಿಶ್ರಣ ಕೊಡಬಹುದೆಂದು ಚೀನಾದ ಚಿಕಿತ್ಸಾ ಮಾರ್ಗಸೂಚಿ ಹೇಳಿತು. ಅದಕ್ಕೆ ಆಧಾರವಾಗಿ ತೋರಿಸುವ 90 ರೋಗಿಗಳ ಅಧ್ಯಯನದಲ್ಲಿ ಯಾರಿಗೆ ಏನು ಕೊಡುತ್ತಿದ್ದಾರೆಂದು ಎಲ್ಲರಿಗೂ ತಿಳಿದಿತ್ತು. ಏದುಸಿರಿನಂಥ, ರೋಗಿಯೇ ಹೇಳಬೇಕಾದ ಲಕ್ಷಣವನ್ನು ಹಾಗೆ ಅಳೆದರೆ ನಿರೀಕ್ಷೆಯ ಪ್ರಭಾವವನ್ನು ಬೇರ್ಪಡಿಸಲಾಗದು.

ಕ್ಯಾನ್ಸರ್ ಗುಣವಾಗುತ್ತದೆಯೆ?

ಗುಣವಾಗುತ್ತದೆಂದು ಯಾವ ಪ್ರಯೋಗವೂ ತೋರಿಸಿಲ್ಲ. ದೊಡ್ಡ ಕರುಳಿನ ಕ್ಯಾನ್ಸರ್ ನಾಲ್ಕನೆಯ ಹಂತಕ್ಕೆ ಹೋಗಿದ್ದ 55 ರೋಗಿಗಳಲ್ಲಿ ಜಲಜನಕ ಸೇವನೆಯ ನಂತರ ಕೆಲವು ರೋಗನಿರೋಧಕ ಕೋಶಗಳ ಸ್ಥಿತಿ ಉತ್ತಮಗೊಂಡಿತೆಂದು 2019ರ ಜಪಾನಿನ ವರದಿಯೊಂದು ಹೇಳಿತು; ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಗುಂಪು ಅದರಲ್ಲಿ ಇರಲಿಲ್ಲ. ಕ್ಯಾನ್ಸರಿನ ಹೆಸರಿನಲ್ಲಿ ಜಲಜನಕ ಮಾರುವವರು ಹೆಚ್ಚಾಗಿ ಉಲ್ಲೇಖಿಸುವುದು ಈ ವರದಿಯನ್ನೇ. ಶಸ್ತ್ರಚಿಕಿತ್ಸೆ, ಕೀಮೋಥೆರಪಿ, ವಿಕಿರಣ ಇವುಗಳನ್ನು ಮುಂದೂಡಿ ಇದನ್ನು ಆರಿಸಿಕೊಳ್ಳುವುದು ಕೈಯಲ್ಲಿರುವ ಅವಕಾಶವನ್ನು ಕಳೆದುಕೊಂಡಂತೆ. ವಿಕಿರಣ ಚಿಕಿತ್ಸೆಯ ವಿಷಯದಲ್ಲಿ ಇನ್ನೂ ಒಂದು ಮಾತಿದೆ: ಆ ಚಿಕಿತ್ಸೆ ಗೆಡ್ಡೆಯನ್ನು ಕೊಲ್ಲುವುದೇ ಬಹುಪಾಲು ಹೈಡ್ರಾಕ್ಸಿಲ್ ರಾಡಿಕಲ್ ಮೂಲಕ. ಅದನ್ನೇ ತಣಿಸುತ್ತದೆಂದು ಹೇಳಲಾಗುವ ಅನಿಲವನ್ನು ವೈದ್ಯರಿಗೆ ತಿಳಿಸದೆ ಸೇವಿಸಬಾರದು.

ಪಾರ್ಕಿನ್ಸನ್ ಕಾಯಿಲೆಗೆ?

ಈ ಕಾಯಿಲೆಯ ಕಥೆ ಎಲ್ಲರೂ ತಿಳಿಯಬೇಕಾದದ್ದು. ಜಲಜನಕ ಕರಗಿಸಿದ ನೀರು ಕುಡಿದವರಲ್ಲಿ ಸುಧಾರಣೆ ಕಂಡಿತೆಂದು 2013ರಲ್ಲಿ ಜಪಾನಿನ ಚಿಕ್ಕ ಪ್ರಯೋಗವೊಂದು ವರದಿ ಮಾಡಿತು. ಅದೇ ಸಂಶೋಧಕರು ಹಲವು ಆಸ್ಪತ್ರೆಗಳನ್ನು ಸೇರಿಸಿಕೊಂಡು ದೊಡ್ಡ ಪ್ರಯೋಗ ನಡೆಸಿದಾಗ ಪ್ರಯೋಜನ ಕಾಣಲಿಲ್ಲ. ಆ ಮೇಲೆ ಅನಿಲವನ್ನೇ ಉಸಿರಾಡಿಸಿ, ಶೇ. 6.5ರ ಸಾಂದ್ರತೆಯಲ್ಲಿ ದಿನಕ್ಕೆ ಎರಡು ಗಂಟೆಯಂತೆ 16 ವಾರ ನೋಡಿದರು, ಅಲ್ಲಿಯೂ ವ್ಯತ್ಯಾಸವಿಲ್ಲ. ತಮ್ಮದೇ ಆಸೆಗೆ ವಿರುದ್ಧವಾದ ಫಲವನ್ನು ಮುಚ್ಚಿಡದೆ ಪ್ರಕಟಿಸಿದ ಆ ಸಂಶೋಧಕರ ಬಗ್ಗೆ ನನಗೆ ಗೌರವವಿದೆ. ಚಿಕ್ಕ ಪ್ರಯೋಗದ ಒಳ್ಳೆಯ ಸುದ್ದಿ ಜಾಹೀರಾತುಗಳಲ್ಲಿ ಇನ್ನೂ ಓಡಾಡುತ್ತಿದೆ, ಮುಂದಿನ ಎರಡು ಪ್ರಯೋಗಗಳ ಸುದ್ದಿ ಅಲ್ಲಿ ಕಾಣುವುದಿಲ್ಲ.

ಆರೋಗ್ಯವಾಗಿರುವವರು ದಣಿವು, ನಿದ್ರಾಹೀನತೆ, ಮುಪ್ಪು ಇವುಗಳಿಗಾಗಿ ಬಳಸಬಹುದೆ?

ಇಂಥ ಬಳಕೆಗೆ ಆಧಾರವೆನ್ನಬಹುದಾದ ದೊಡ್ಡ, ಚೆನ್ನಾಗಿ ಯೋಜಿಸಿದ ಪ್ರಯೋಗಗಳಿಲ್ಲ. ಒಂದು ಗಂಟೆ ಮೊಬೈಲ್ ಬದಿಗಿಟ್ಟು ಕಣ್ಣು ಮುಚ್ಚಿ ನಿಧಾನವಾಗಿ ಉಸಿರಾಡಿದರೆ ಯಾರಿಗಾದರೂ ಹಾಯೆನಿಸುತ್ತದೆ. ಮೂಗಿನಲ್ಲಿರುವ ನಳಿಕೆಯಿಂದ ಬರುವುದು ಜಲಜನಕವೇ ಆಗಿರಬೇಕೆಂದಿಲ್ಲ.

ಜಲಜನಕ ದೇಹಕ್ಕೆ ವಿಷಕಾರಿಯೆ?

ಈ ವಿಷಯದಲ್ಲಿ ಸಿಕ್ಕಿರುವ ಮಾಹಿತಿ ಸಮಾಧಾನಕರವಾಗಿದೆ. ಆಳಸಮುದ್ರದ ಮುಳುಗುಗಾರರು ದಶಕಗಳಿಂದ ಜಲಜನಕ ಬೆರೆಸಿದ ಅನಿಲ ಉಸಿರಾಡಿದ್ದಾರೆ. ಫ್ರಾನ್ಸಿನ ಕೋಮೆಕ್ಸ್ ಸಂಸ್ಥೆಯ ಹೈಡ್ರಾ ಪ್ರಯೋಗಗಳಲ್ಲಿ 1988ರಲ್ಲಿ ಮುಳುಗುಗಾರರು ಕಡಲಿನಲ್ಲಿ 534 ಮೀಟರ್ ಆಳದವರೆಗೆ ಹೋದರು. 1992ರಲ್ಲಿ ಒತ್ತಡದ ಕೋಣೆಯಲ್ಲಿ ಒಬ್ಬರು 701 ಮೀಟರ್ ಆಳಕ್ಕೆ ಸಮನಾದ ಒತ್ತಡವನ್ನು ತಲುಪಿದರು. ಅಷ್ಟು ಒತ್ತಡದಲ್ಲಿ ಜಲಜನಕ ಮಂಪರು ತರುತ್ತದೆ. ಸಾಮಾನ್ಯ ಒತ್ತಡದಲ್ಲಿ ಆ ಸಮಸ್ಯೆಯಿಲ್ಲ. ಅಮೆರಿಕದಲ್ಲಿ 8 ಮಂದಿ ಆರೋಗ್ಯವಂತರಿಗೆ ಶೇ. 2.4 ಜಲಜನಕವನ್ನು 24ರಿಂದ 72 ಗಂಟೆಗಳವರೆಗೆ ಎಡೆಬಿಡದೆ ಕೊಟ್ಟು 2021ರಲ್ಲಿ ವರದಿ ಮಾಡಿದ ಅಧ್ಯಯನದಲ್ಲಿ ಗಮನಾರ್ಹ ದುಷ್ಪರಿಣಾಮ ಕಾಣಲಿಲ್ಲ. ಉಸಿರಾಟ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ರಕ್ತದಲ್ಲಿನ ಜಲಜನಕದ ಬಹುಪಾಲು ಹೊರಟುಹೋಗುತ್ತದೆ.

ಆದರೆ ಜಲಜನಕ ಬಂದಷ್ಟು ಜಾಗದಲ್ಲಿ ಆಮ್ಲಜನಕ ಇರುವುದಿಲ್ಲ ಎಂಬುದನ್ನು ಮರೆಯಬಾರದು. ಸುಮ್ಮನೆ ಕುಳಿತವರು ನಿಮಿಷಕ್ಕೆ ಸುಮಾರು 7 ಲೀಟರ್ ಗಾಳಿ ಉಸಿರಾಡುತ್ತಾರೆ. ಅದರಲ್ಲಿ 2 ಲೀಟರ್ ಶುದ್ಧ ಜಲಜನಕವೇ ಆದರೆ, ಒಳಹೋಗುವ ಮಿಶ್ರಣದಲ್ಲಿ ಆಮ್ಲಜನಕದ ಪಾಲು ಶೇ. 21ರಿಂದ ಶೇ. 15ಕ್ಕೆ ಇಳಿಯಬಹುದು. ಶ್ವಾಸಕೋಶ ಅಥವಾ ಹೃದಯ ದುರ್ಬಲವಾಗಿರುವವರಿಗೆ ಇದು ಸಣ್ಣ ಮಾತಲ್ಲ.

ಹಾಗಾದರೆ ನಿಜವಾದ ಅಪಾಯ ಯಾವುದು?

ಬೆಂಕಿ ಮತ್ತು ಸ್ಫೋಟ. ಈ ಬರಹದಲ್ಲಿ ಒಂದೇ ಉತ್ತರವನ್ನು ಓದುವಿರಾದರೆ ಇದನ್ನು ಓದಿ.

ಗಾಳಿಯಲ್ಲಿ ಶೇ. 4ರಿಂದ ಶೇ. 75ರವರೆಗಿನ ಜಲಜನಕ ಹೊತ್ತಿಕೊಳ್ಳುತ್ತದೆ. ಶುದ್ಧ ಆಮ್ಲಜನಕದಲ್ಲಿ ಈ ವ್ಯಾಪ್ತಿ ಶೇ. 94ರ ಆಸುಪಾಸಿನವರೆಗೆ ಹಿಗ್ಗುತ್ತದೆ. 1975ರ ಇಲಿಗಳ ಪ್ರಯೋಗದಲ್ಲಿ ಶೇ. 97.5 ಜಲಜನಕ ಬಳಸಿಯೂ ಸ್ಫೋಟದ ಭಯ ಇಲ್ಲದಿದ್ದದ್ದು ಅದು ಈ ವ್ಯಾಪ್ತಿಯ ಆಚೆ ಇದ್ದುದರಿಂದ; ಆಸ್ಪತ್ರೆಯ ಪ್ರಯೋಗಗಳು ಶೇ. 2ರ ಆಸುಪಾಸಿನಲ್ಲಿರುವುದು ಅದು ಈಚೆ ಇರುವುದರಿಂದ. ಶೇ. 66 ಜಲಜನಕ, ಶೇ. 33 ಆಮ್ಲಜನಕದ ಮಿಶ್ರಣವಾದರೋ ಪೂರ್ತಿ ಉರಿದು ನೀರಾಗಲು ಬೇಕಾದ ಸರಿಯಾದ ಅನುಪಾತದಲ್ಲಿದೆ, ಅಂದರೆ ಅತಿ ತೀವ್ರ ಸ್ಫೋಟಕ್ಕೆ ಸಿದ್ಧವಾಗಿದೆ.

ಹೊತ್ತಿಕೊಳ್ಳಲು ಬೇಕಾದ ಶಕ್ತಿ ಸುಮಾರು 0.02 ಮಿಲಿಜೌಲ್, ಪೆಟ್ರೋಲ್ ಆವಿಗೆ ಬೇಕಾದುದರ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಸಿಂಥೆಟಿಕ್ ಹೊದಿಕೆ ಸರಿಸುವಾಗ, ಸ್ವೆಟರ್ ಕಳಚುವಾಗ ಚಟಪಟ ಎನ್ನುವ ಸ್ಥಿರವಿದ್ಯುತ್ತಿನ ಕಿಡಿ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಜಲಜನಕಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಅದರ ಜ್ವಾಲೆಯೂ ಹಗಲಿನಲ್ಲಿ ಹೆಚ್ಚುಕಡಿಮೆ ಕಣ್ಣಿಗೆ ಬೀಳುವುದಿಲ್ಲ. ಸೋರಿಕೆಯನ್ನು ಮೂಗು ಪತ್ತೆಹಚ್ಚಲಾರದು.

ಕೋಣೆ ತುಂಬ ಜಲಜನಕ ತುಂಬಿಕೊಳ್ಳುತ್ತದೆಂಬ ಭಯ ಕೆಲವರಿಗಿದೆ. ಲೆಕ್ಕ ಹಾಕಿ ನೋಡಿದರೆ, ನಿಮಿಷಕ್ಕೆ 2 ಲೀಟರ್ ಜಲಜನಕ ಸೋರಿದರೂ 30 ಘನ ಮೀಟರಿನ ಕೋಣೆಯಲ್ಲಿ ಒಂದು ಗಂಟೆಯ ನಂತರ ಸರಾಸರಿ ಪ್ರಮಾಣ ಶೇ. 0.4 ಮಾತ್ರ. ಆದರೆ ಅರ್ಧ ಘನ ಮೀಟರಿನ ಮುಚ್ಚಿದ ಕಪಾಟಿನಲ್ಲಿ ಅದೇ ಸೋರಿಕೆ ಹತ್ತು ನಿಮಿಷದಲ್ಲಿ ಶೇ. 4 ಮುಟ್ಟುತ್ತದೆ. ಅಪಾಯ ಅಡಗಿರುವುದು ಇಂಥ ಕಿರಿದಾದ ಜಾಗಗಳಲ್ಲಿ: ಯಂತ್ರದ ಪೆಟ್ಟಿಗೆಯೊಳಗೆ, ತೇವಗೊಳಿಸುವ ನೀರಿನ ಬಾಟಲಿಯೊಳಗೆ, ನಳಿಕೆಯೊಳಗೆ, ಹೊದಿಕೆಯ ಕೆಳಗೆ, ಮತ್ತು ಉಸಿರಾಡುತ್ತಿರುವವರ ಮೂಗು, ಗಂಟಲು, ಶ್ವಾಸನಾಳಗಳ ಒಳಗೆ. ಇಂಥ ಯಂತ್ರಗಳು ಸ್ಫೋಟಿಸಿ ಜನರು ಗಾಯಗೊಂಡ ಘಟನೆಗಳು ಜಪಾನಿನಲ್ಲಿ ದಾಖಲಾಗಿವೆ. ಆದ್ದರಿಂದ ಉಸಿರಾಡುವ ವ್ಯಕ್ತಿಯ ಬಳಿ ದೀಪ, ಊದಿನಕಡ್ಡಿ, ಸಿಗರೇಟು, ಒಲೆ, ಹೇರ್ ಡ್ರೈಯರ್ ಯಾವುದೂ ಇರಬಾರದು. ಕಾರಿನೊಳಗೆ ಬಳಸಲೇಬಾರದು. ಹಾಸಿಗೆಯಲ್ಲಿ ಹೊದ್ದುಕೊಂಡು, ನಿದ್ದೆ ಹೋಗುತ್ತ ಬಳಸುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ.

ಹೆಚ್ಚು ಜಲಜನಕ ಕೊಡುವ ಯಂತ್ರ ಹೆಚ್ಚು ಪರಿಣಾಮಕಾರಿಯಲ್ಲವೆ?

ಹಾಗೆಂದು ತೋರಿಸುವ ಪುರಾವೆಯಿಲ್ಲ. ಮನುಷ್ಯರಲ್ಲಿ ಅತಿ ಆಶಾದಾಯಕವಾದ ಫಲ ಬಂದದ್ದು ಶೇ. 2ರ ಮಿಶ್ರಣದಿಂದ. ನಿಮಿಷಕ್ಕೆ ಬರೀ 200 ಮಿಲಿಲೀಟರ್ ಶುದ್ಧ ಜಲಜನಕ ಮೂಗಿಗೆ ಬಂದರೂ, 7 ಲೀಟರ್ ಉಸಿರಿನಲ್ಲಿ ಬೆರೆತಾಗ ಅದರ ಸರಾಸರಿ ಶೇ. 3ರ ಹತ್ತಿರವಿರುತ್ತದೆ. ಸಾಂದ್ರತೆಯನ್ನು ಹತ್ತಾರು ಪಟ್ಟು ಏರಿಸಿದಾಗ ಅಪಾಯ ಖಂಡಿತ ಏರುತ್ತದೆ, ಪ್ರಯೋಜನ ಏರುತ್ತದೆಯೇ ಎಂಬುದು ತೀರ್ಮಾನವಾಗಿಲ್ಲ.

ಯಂತ್ರವು ಹೇಳಿದಷ್ಟು ಜಲಜನಕ ಕೊಡುತ್ತಿದೆಯೇ ಎಂದು ತಿಳಿಯುವುದು ಹೇಗೆ?

ನೀರಿನ ಲೆಕ್ಕದಿಂದ. 18 ಗ್ರಾಂ ನೀರು ಒಡೆದರೆ ಸಾಮಾನ್ಯ ತಾಪಮಾನದಲ್ಲಿ ಸುಮಾರು 24 ಲೀಟರ್ ಜಲಜನಕ ಸಿಗುತ್ತದೆ, ಅದಕ್ಕಿಂತ ಹೆಚ್ಚು ಸಿಗಲು ಸಾಧ್ಯವಿಲ್ಲ. ನಿಮಿಷಕ್ಕೆ 1 ಲೀಟರ್ ಜಲಜನಕ ಕೊಡುತ್ತೇನೆನ್ನುವ ಯಂತ್ರ ಒಂದು ಗಂಟೆಯಲ್ಲಿ 60 ಲೀಟರ್ ಕೊಡಬೇಕು; ಅದಕ್ಕೆ ಸುಮಾರು 45 ಮಿಲಿಲೀಟರ್ ನೀರು ಖರ್ಚಾಗಬೇಕು. ತೊಟ್ಟಿಯ ನೀರಿನ ಮಟ್ಟ ಹೆಚ್ಚುಕಡಿಮೆ ಇದ್ದಲ್ಲೇ ಇದ್ದರೆ ಯಂತ್ರ ಹೇಳಿದಷ್ಟು ಜಲಜನಕ ಕೊಡುತ್ತಿಲ್ಲ ಎಂದರ್ಥ. ಇನ್ನೊಂದು ಮಾತು ನೀರಿನ ಶುದ್ಧತೆಯದು: ಲವಣವಿರುವ ನಲ್ಲಿ ನೀರನ್ನು ವಿದ್ಯುತ್ತಿನಿಂದ ಒಡೆದರೆ ಕ್ಲೋರಿನ್ ಹುಟ್ಟಬಹುದು, ಕೆಲವು ಯಂತ್ರಗಳಲ್ಲಿ ಬಳಸುವ ಕ್ಷಾರ ದ್ರಾವಣದ ಸೂಕ್ಷ್ಮ ಹನಿಗಳು ಅನಿಲದೊಡನೆ ಬಂದು ಶ್ವಾಸನಾಳವನ್ನು ಸುಡಬಹುದು.

ಅನಿಲಕ್ಕಿಂತ ಜಲಜನಕದ ನೀರು ಕುಡಿಯುವುದು ಸುಲಭವಲ್ಲವೆ?

ಬೆಂಕಿಯ ಅಪಾಯ ಅಲ್ಲಿ ಇಲ್ಲವೆಂಬುದು ನಿಜ. ಪ್ರಮಾಣ ಮಾತ್ರ ಬಹಳ ಕಡಿಮೆ. ಸಾಮಾನ್ಯ ಒತ್ತಡದಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗುವ ಜಲಜನಕ 1.6 ಮಿಲಿಗ್ರಾಂ, ಅನಿಲದ ಲೆಕ್ಕದಲ್ಲಿ 20 ಮಿಲಿಲೀಟರಿಗಿಂತ ಕಡಿಮೆ. ಶೇ. 2ರ ಮಿಶ್ರಣವನ್ನು ಒಂದು ಗಂಟೆ ಉಸಿರಾಡಿದರೆ 8 ಲೀಟರಿಗೂ ಹೆಚ್ಚು ಜಲಜನಕ ಶ್ವಾಸಕೋಶವನ್ನು ಹೊಕ್ಕು ಹೊರಡುತ್ತದೆ, ಅದರ ಸ್ವಲ್ಪ ಭಾಗ ರಕ್ತಕ್ಕೆ ಸೇರುತ್ತದೆ. ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಅನ್ವಯಿಸಲಾಗದು.

ಸರ್ಕಾರಗಳ ಅನುಮೋದನೆ ಇದೆಯೆ?

ಜಪಾನ್ 2016ರಲ್ಲಿ ಹೃದಯ ಸ್ತಂಭನದ ನಂತರದ ಜಲಜನಕ ಚಿಕಿತ್ಸೆಯನ್ನು ಸುಧಾರಿತ ವೈದ್ಯಕೀಯ ಚಿಕಿತ್ಸೆಗಳ ಪಟ್ಟಿಗೆ ಸೇರಿಸಿತು. ಅದು ಸಂಶೋಧನೆಗೆ ಕೊಟ್ಟ ಅವಕಾಶವೇ ಹೊರತು ಗುಣದ ಪ್ರಮಾಣಪತ್ರವಲ್ಲ. ಚೀನಾದಲ್ಲಿ ಜಲಜನಕ–ಆಮ್ಲಜನಕ ಯಂತ್ರವೊಂದಕ್ಕೆ ವೈದ್ಯಕೀಯ ಸಾಧನವಾಗಿ ಅನುಮತಿ ದೊರೆತಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಜಲಜನಕ ಅನಿಲವನ್ನು ಯಾವ ಕಾಯಿಲೆಗೂ ಔಷಧವಾಗಿ ಅನುಮೋದಿಸಿಲ್ಲ.

ಯಾರು ದೂರವಿರಬೇಕು, ಈಗಾಗಲೇ ಬಳಸುತ್ತಿರುವವರು ವೈದ್ಯರಿಗೆ ಏನು ಹೇಳಬೇಕು?

ಗರ್ಭಿಣಿಯರು ಮತ್ತು ಮಕ್ಕಳ ವಿಷಯದಲ್ಲಿ ಸುರಕ್ಷತೆಯನ್ನು ಸರಿಯಾಗಿ ಪರೀಕ್ಷಿಸಿಲ್ಲ, ಆದ್ದರಿಂದ ಅವರಿಗೆ ಬೇಡ. ಮನೆಯಲ್ಲಿ ಆಮ್ಲಜನಕ ಪಡೆಯುತ್ತಿರುವವರು ಅದರೊಡನೆ ಇದನ್ನು ಸೇರಿಸಬಾರದು, ಏಕೆಂದರೆ ಹೆಚ್ಚಿನ ಆಮ್ಲಜನಕವಿದ್ದಲ್ಲಿ ಎಲ್ಲವೂ ಇನ್ನಷ್ಟು ಬೇಗ ಹೊತ್ತಿಕೊಳ್ಳುತ್ತದೆ. ಸಿಒಪಿಡಿ ಇರುವವರಲ್ಲಿ ಕೆಲವರಿಗೆ, ಮಿಶ್ರಣದಲ್ಲಿರುವ ಹೆಚ್ಚುವರಿ ಆಮ್ಲಜನಕವೇ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿಸಿ ಮಂಪರು ತರಬಹುದು. ಅವರ ಆಮ್ಲಜನಕದ ಮಟ್ಟವನ್ನು ವೈದ್ಯರು ಸಾಮಾನ್ಯವಾಗಿ ಶೇ. 88ರಿಂದ 92ರೊಳಗೆ ಇಡಲು ಪ್ರಯತ್ನಿಸುವುದು ಈ ಕಾರಣಕ್ಕೆ.

ಬಳಸುತ್ತಿರುವವರು ಯಂತ್ರದಿಂದ ಬರುವುದು ಶುದ್ಧ ಜಲಜನಕವೋ ಮಿಶ್ರಣವೋ, ನಿಮಿಷಕ್ಕೆ ಎಷ್ಟು, ದಿನಕ್ಕೆ ಎಷ್ಟು ಹೊತ್ತು, ಯಾವ ಔಷಧವನ್ನಾದರೂ ನಿಲ್ಲಿಸಿದ್ದಾರೆಯೇ ಎಂಬುದನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳಬೇಕು. ಕರುಳಿನ ತೊಂದರೆಗಾಗಿ ಉಸಿರಿನ ಜಲಜನಕ ಪರೀಕ್ಷೆಗೆ ಬರೆದುಕೊಟ್ಟಿದ್ದರೆ, ಪರೀಕ್ಷೆಯ ದಿನ ಯಂತ್ರವನ್ನು ಮುಟ್ಟದೆ, ಅದನ್ನು ಕೊನೆಯ ಬಾರಿ ಬಳಸಿದ್ದು ಯಾವಾಗ ಎಂಬುದನ್ನು ಪ್ರಯೋಗಾಲಯದವರಿಗೆ ಮೊದಲೇ ತಿಳಿಸಬೇಕು.